ಅರಿಸ್ಟಾಟಲನನ್ನು ಪಕ್ಕದಲ್ಲಿಟ್ಟುಕೊಂಡು ‘ದೊರೆ ಈಡಿಪಸ್’ ಓದುವ ಕ್ರಮ

ಗ್ರೀಕ್ ನಾಟಕವೊಂದು ದುರಂತ ನಾಟಕದ ಶಾಸ್ತ್ರೀಯ ಲಕ್ಷಣಗಳಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂದು ಕೇಳಿದಾಗ ಬಹುಪಾಲು ಉತ್ತರಗಳು ನಾಯಕನಿಂದ ಶುರುವಾಗುತ್ತವೆ. ನಾಯಕ ರಾಜವಂಶದವನು, ಅವನಲ್ಲಿ ಅಹಂಕಾರವೆಂಬ ದೋಷವಿದೆ, ಆ ದೋಷದಿಂದಲೇ ಅವನು ಬೀಳುತ್ತಾನೆ, ಅದನ್ನು ಕಂಡ ನಮಗೆ ಭಯವೂ ಕರುಣೆಯೂ ಉಂಟಾಗುತ್ತವೆ ಎಂಬ ನಾಲ್ಕು ಮಾತುಗಳನ್ನು ಯಾವ ನಾಟಕಕ್ಕೆ ಬೇಕಾದರೂ ಅಂಟಿಸಬಹುದು. ಹಾಗೆ ಅಂಟಿಸಲು ಬರುತ್ತದೆ ಎಂಬುದೇ ಅವುಗಳ ತೊಂದರೆ. ಅರಿಸ್ಟಾಟಲ್ ತನ್ನ ‘ಕಾವ್ಯಮೀಮಾಂಸೆ’ಯ ಆರನೆಯ ಅಧ್ಯಾಯದಲ್ಲಿ ಕಥಾಸಂವಿಧಾನ, ಪಾತ್ರಸ್ವಭಾವ, ವಿಚಾರ, ಭಾಷೆ, ಗೀತ, ದೃಶ್ಯ ಎಂಬ ಆರು ಅಂಗಗಳನ್ನು ಹೆಸರಿಸಿ, ಕಥಾಸಂವಿಧಾನವೇ ದುರಂತ ನಾಟಕದ ಆತ್ಮವೆಂದೂ ಪಾತ್ರಸ್ವಭಾವಕ್ಕೆ ಎರಡನೆಯ ಸ್ಥಾನವೆಂದೂ ತೀರ್ಮಾನಿಸಿದ್ದಾನೆ. ಆದ್ದರಿಂದ ಪರೀಕ್ಷೆಯೂ ಕಥಾಸಂವಿಧಾನದಿಂದಲೇ ಆರಂಭವಾಗಬೇಕು. ನಾಯಕನ ಗುಣದೋಷಗಳ ಮಾತು ಆಮೇಲಿನದು. ಹಾಗೆ ಓದುವುದು ಹೇಗೆಂಬುದನ್ನು ಸೊಫೊಕ್ಲಿಸನ ‘ದೊರೆ ಈಡಿಪಸ್’ ನಾಟಕದ ಮೂಲಕ ಇಲ್ಲಿ ವಿವರಿಸಲಾಗಿದೆ. ಅರಿಸ್ಟಾಟಲ್ ತಾನೇ ಮತ್ತೆ ಮತ್ತೆ ಉದಾಹರಿಸುವ ನಾಟಕ ಇದಾದ್ದರಿಂದ ಲಕ್ಷಣವನ್ನೂ ಲಕ್ಷ್ಯವನ್ನೂ ಎದುರುಬದುರು ಇಟ್ಟು ನೋಡಲು ಇದಕ್ಕಿಂತ ಅನುಕೂಲವಾದುದು ಸಿಗಲಾರದು.

ಕಾಲದ ಅಂತರವನ್ನು ಮೊದಲು ಗುರುತಿಸಿಕೊಳ್ಳಿ

ಸೊಫೊಕ್ಲಿಸ್ ಈ ನಾಟಕವನ್ನು ಬರೆದದ್ದು ಕ್ರಿ.ಪೂ. 429ರ ಆಸುಪಾಸಿನಲ್ಲಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ‘ಕಾವ್ಯಮೀಮಾಂಸೆ’ಯ ಕಾಲ ಸುಮಾರು ಕ್ರಿ.ಪೂ. 335. ಎಂದರೆ ನಾಟಕಕ್ಕೂ ಲಕ್ಷಣಗ್ರಂಥಕ್ಕೂ ನಡುವೆ ಹತ್ತಿರಹತ್ತಿರ ನೂರು ವರ್ಷಗಳಿವೆ, ಮತ್ತು ಲಕ್ಷಣಗ್ರಂಥವೇ ಆಮೇಲಿನದು. ಸೊಫೊಕ್ಲಿಸ್ ಯಾವ ನಿಯಮವನ್ನೂ ಪಾಲಿಸಲು ಕುಳಿತು ಬರೆದವನಲ್ಲ. ಅಥೆನ್ಸಿನ ಡಯೊನೈಸಸ್ ರಂಗಮಂದಿರದಲ್ಲಿ, ಹಬ್ಬದ ಸ್ಪರ್ಧೆಯಲ್ಲಿ, ಸಾವಿರಾರು ಜನರೆದುರು ಆಡುವ ನಾಟಕವನ್ನು ಬರೆದವನು. ಆ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಈ ನಾಟಕವಿದ್ದ ಗುಚ್ಛಕ್ಕೆ (ಕವಿಯೊಬ್ಬ ಸ್ಪರ್ಧೆಗೆ ಒಟ್ಟಿಗೆ ತರುತ್ತಿದ್ದ ನಾಟಕಗಳಿಗೆ) ಬರದೆ ಹಿರಿಯ ನಾಟಕಕಾರ ಈಸ್ಕಿಲಸನ ಸೋದರಳಿಯ ಫಿಲೋಕ್ಲಿಸನ ಪಾಲಾಯಿತೆಂದು ಪ್ರಾಚೀನ ಟಿಪ್ಪಣಿಯೊಂದು ಹೇಳುತ್ತದೆ. ಹೀಗಿರುವುದರಿಂದ ‘ಸೊಫೊಕ್ಲಿಸ್ ಅರಿಸ್ಟಾಟಲನ ನಿಯಮಗಳನ್ನು ಅನುಸರಿಸಿದ್ದಾನೆ’ ಎಂಬ ವಾಕ್ಯವನ್ನು ಎಲ್ಲಿಯೂ ಬರೆಯಬಾರದು. ಈ ಬಗೆಯ ನಾಟಕಗಳನ್ನು ನೋಡಿಯೇ ಅರಿಸ್ಟಾಟಲ್ ತನ್ನ ಮಾತುಗಳನ್ನು ಕಟ್ಟಿದನು ಎನ್ನುವುದು ಸರಿಯಾದ ಮಾತು. ಹಾಗಾಗಿ ಕೇಳಬೇಕಾದ ಪ್ರಶ್ನೆಯೂ ಬದಲಾಗುತ್ತದೆ: ಈ ನಾಟಕದಲ್ಲಿ ಅವನು ಏನನ್ನು ಕಂಡನು, ಏನನ್ನು ಕಾಣದೆ ಬಿಟ್ಟನು?

ಕ್ರಿಯೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ನಾಟಕವನ್ನು ಒಮ್ಮೆ ನಿಲ್ಲಿಸದೆ ಓದಿ ಮುಗಿಸಿದ ಮೇಲೆ ಅದರ ಕ್ರಿಯೆ ಏನೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು. ‘ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ರಾಜನ ಕಥೆ’ ಎಂದು ಬರೆದರೆ ಅದು ಈಡಿಪಸನ ಜೀವನಚರಿತ್ರೆಯಾಯಿತೇ ಹೊರತು ನಾಟಕದ ಕ್ರಿಯೆಯಾಗಲಿಲ್ಲ, ಏಕೆಂದರೆ ಕೊಲೆಯಾಗಲಿ ಮದುವೆಯಾಗಲಿ ರಂಗದ ಮೇಲೆ ನಡೆಯುವುದೇ ಇಲ್ಲ. ಒಬ್ಬ ವ್ಯಕ್ತಿಯ ಸುತ್ತ ನಡೆದ ಮಾತ್ರಕ್ಕೆ ಕಥೆಗೆ ಏಕತೆ ಬಾರದೆಂದು ಅರಿಸ್ಟಾಟಲ್ ಎಂಟನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾನೆ. ‘ಊರಿಗೆ ಬಂದ ಪಿಡುಗನ್ನು ಕಳೆಯಲೆಂದು ಹಿಂದಿನ ರಾಜನ ಕೊಲೆಗಾರನನ್ನು ಹುಡುಕಲು ಹೊರಟ ದೊರೆ, ಆ ಹುಡುಕಾಟವನ್ನು ಕೊನೆಮುಟ್ಟಿಸಿ, ಹುಡುಕುತ್ತಿದ್ದವನು ತಾನೇ ಎಂದು ಅರಿಯುವುದು’ ಎಂದು ಬರೆದರೆ ನಾಟಕದ ಹೊರಗೆ ಏನಿದೆ, ಒಳಗೆ ಏನಿದೆ ಎಂಬುದು ಕೂಡಲೇ ಬೇರೆಯಾಗುತ್ತದೆ. ಹುಡುಕಾಟವೇ ಇಲ್ಲಿಯ ಕ್ರಿಯೆ.

ಎರಡು ಪಟ್ಟಿಗಳನ್ನು ಮಾಡಿಕೊಳ್ಳಿ

ಹಾಳೆಯ ಎಡಗಡೆ ಘಟನೆಗಳನ್ನು ನಡೆದ ಕ್ರಮದಲ್ಲಿ ಬರೆಯಿರಿ: ಈಡಿಪಸನ ತಂದೆ, ಥೀಬ್ಸ್ ನಗರದ ರಾಜ ಲೇಯಸನಿಗೆ ಸಿಕ್ಕ ಅಪೊಲೋ ದೇವರ ಭವಿಷ್ಯವಾಣಿ, ಕಾಲ್ಗಿಣ್ಣುಗಳನ್ನು ಚುಚ್ಚಿ ಮಗುವನ್ನು ಕಿಥೈರಾನ್ ಬೆಟ್ಟದಲ್ಲಿ ಬಿಟ್ಟುಬರಲು ಕೊಟ್ಟ ಅಪ್ಪಣೆ, ಮಗು ಒಬ್ಬ ಕುರುಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗಿ ಕೊರಿಂಥಿನ ಅರಮನೆ ಸೇರಿದ್ದು, ಔತಣದಲ್ಲಿ ಕುಡಿದವನೊಬ್ಬ ‘ನೀನು ನಿನ್ನ ತಂದೆಯ ಮಗನಲ್ಲ’ ಎಂದದ್ದು, ದೇವವಾಣಿ ಕೇಳಲು ಡೆಲ್ಫಿಗೆ ಹೋದದ್ದು, ಮೂರು ದಾರಿ ಕೂಡುವಲ್ಲಿ ಕೊಲೆ, ಸ್ಫಿಂಕ್ಸ್ ಎಂಬ ರಾಕ್ಷಸಿ ಒಡ್ಡಿದ ಒಗಟು, ಪಟ್ಟಾಭಿಷೇಕ, ಮದುವೆ, ಮಕ್ಕಳು, ಪಿಡುಗು. ಬಲಗಡೆ, ಇವುಗಳಲ್ಲಿ ಯಾವುದು ಯಾರ ಬಾಯಿಂದ ಯಾವ ಸಾಲಿನಲ್ಲಿ ಹೊರಬರುತ್ತದೆ ಎಂದು ಗುರುತು ಹಾಕಿರಿ. ಮೂಲ ಗ್ರೀಕ್ ಪಠ್ಯದ ಸಾಲುಸಂಖ್ಯೆಯನ್ನು ಅಂಚಿನಲ್ಲಿ ಕೊಟ್ಟಿರುವ ಅನುವಾದವಾದರೆ ಈ ಕೆಲಸ ಸುಲಭ; ಇಡೀ ನಾಟಕ ಸುಮಾರು 1530 ಸಾಲುಗಳಷ್ಟೇ.

ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಎಡಗಡೆಯ ಮೊದಲ ಘಟನೆಗಳೇ ಬಲಗಡೆ ಕೊನೆಕೊನೆಗೆ ಪೂರ್ತಿಯಾಗಿ ಬೆಳಕಿಗೆ ಬರುತ್ತವೆ ಎಂಬುದು ಕಾಣುತ್ತದೆ. ಲೇಯಸ್ ಮಗುವನ್ನು ಬೆಟ್ಟಕ್ಕೆಸೆಸಿದನೆಂದು, ಮೊದಲು ಲೇಯಸನ ಹೆಂಡತಿಯಾಗಿದ್ದು ಈಗ ಈಡಿಪಸನ ಹೆಂಡತಿಯಾಗಿರುವ ಜೊಕಾಸ್ಟ ನಡುವಿನಲ್ಲೇ ಹೇಳಿಬಿಟ್ಟಿದ್ದರೂ ಆ ಮಗು ಯಾವುದೆಂಬುದು ಕುರುಬನ ಬಾಯಿಂದ ಹೊರಡುವ ತನಕ ಆ ಸಂಗತಿ ಅರ್ಧ ಮಾತ್ರ ತಿಳಿದಿರುತ್ತದೆ. ಹದಿನೆಂಟನೆಯ ಅಧ್ಯಾಯದಲ್ಲಿ ಅರಿಸ್ಟಾಟಲ್ ಗಂಟು ಹಾಕುವುದು, ಗಂಟು ಬಿಚ್ಚುವುದು ಎಂದು ಎರಡು ಭಾಗಗಳನ್ನು ಮಾಡಿ, ನಾಟಕಕ್ಕೆ ಹೊರಗಿನ ಸಂಗತಿಗಳು ಬಹುಮಟ್ಟಿಗೆ ಗಂಟಿನ ಭಾಗಕ್ಕೆ ಸೇರುತ್ತವೆ ಎನ್ನುತ್ತಾನೆ. ಈ ಪಟ್ಟಿಯಿಲ್ಲದೆ ಆ ಮಾತು ಬರಿಯ ವ್ಯಾಖ್ಯೆಯಾಗಿ ಉಳಿಯುತ್ತದೆ. ಪಟ್ಟಿಯಿದ್ದರೆ, ದೀರ್ಘ ಕಾಲದ ಗಂಟನ್ನು ಸೊಫೊಕ್ಲಿಸ್ ಹೇಗೆ ಒಂದು ದಿನದೊಳಗೆ ಬಿಚ್ಚಿದ್ದಾನೆಂಬುದು ಕಣ್ಣಿಗೆ ಕಟ್ಟುತ್ತದೆ.

ಇಲ್ಲಿಯೇ ಇನ್ನೊಂದು ಮಾತು. ಕಾಲ, ಸ್ಥಳ, ಕ್ರಿಯೆ ಎಂಬ ‘ಮೂರು ಏಕತೆಗಳು’ ಅರಿಸ್ಟಾಟಲನವು ಎಂದು ಬರೆಯುವ ರೂಢಿ ಬಲವಾಗಿ ಬೇರೂರಿದೆ. ಅವನು ಪಟ್ಟುಹಿಡಿದು ಹೇಳಿದ್ದು ಕ್ರಿಯೆಯ ಏಕತೆಯನ್ನು ಮಾತ್ರ. ದುರಂತ ನಾಟಕ ಸಾಧ್ಯವಾದಷ್ಟು ಸೂರ್ಯನ ಒಂದು ಸುತ್ತಿನೊಳಗೆ ಇರಲು ಯತ್ನಿಸುತ್ತದೆ ಎಂದು ಒಂದು ಕಡೆ ಗಮನಿಸಿದ್ದಾನಷ್ಟೆ. ಸ್ಥಳದ ಏಕತೆಯ ಮಾತನ್ನು ಅವನು ಎತ್ತಿಯೇ ಇಲ್ಲ. ಮೂರನ್ನೂ ಸೇರಿಸಿ ನಿಯಮ ಮಾಡಿದ್ದು 1570ರಲ್ಲಿ ‘ಕಾವ್ಯಮೀಮಾಂಸೆ’ಗೆ ವ್ಯಾಖ್ಯಾನ ಬರೆದ ಇಟಲಿಯ ಕಾಸ್ಟೆಲ್ವೆಟ್ರೊ. ಈ ನಾಟಕ ಮೂರಕ್ಕೂ ಹೊಂದುತ್ತದೆ ಎಂಬುದು ನಿಜವೇ, ಆದರೆ ಅದನ್ನು ಅರಿಸ್ಟಾಟಲನ ಲೆಕ್ಕಕ್ಕೆ ಬರೆಯಬೇಡಿ.

ವಿಪರ್ಯಾಸ ಎಲ್ಲಿದೆ, ಅರಿವು ಎಲ್ಲಿದೆ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಬೇಕು. ಹನ್ನೊಂದನೆಯ ಅಧ್ಯಾಯದಲ್ಲಿ ಅರಿಸ್ಟಾಟಲ್ ಒಂದು ನಡೆ ತನ್ನ ಉದ್ದೇಶಕ್ಕೆ ತದ್ವಿರುದ್ಧವಾದ ಫಲಕ್ಕೆ ತಿರುಗುವುದನ್ನು ವಿಪರ್ಯಾಸವೆಂದೂ ಅಜ್ಞಾನದಿಂದ ಜ್ಞಾನಕ್ಕೆ ಬರುವ ಬದಲಾವಣೆಯನ್ನು ಅಭಿಜ್ಞಾನವೆಂದೂ ವಿವರಿಸಿ, ಎರಡೂ ಒಟ್ಟಿಗೇ ಸಂಭವಿಸಿದರೆ ಅದೇ ಅತ್ಯುತ್ತಮ ಎನ್ನುತ್ತಾನೆ. ಎರಡಕ್ಕೂ ಅವನು ಕೊಡುವ ಉದಾಹರಣೆ ಈ ನಾಟಕವೇ. ಕೊರಿಂಥಿನಿಂದ ಬಂದ ದೂತ ಈಡಿಪಸನನ್ನು ಸಂತೋಷಪಡಿಸಲು, ತಾಯಿಯ ವಿಷಯದಲ್ಲಿ ಅವನಿಗಿದ್ದ ಭಯವನ್ನು ಕಳೆಯಲು ಬಾಯಿ ತೆರೆದವನು, ಅವನು ಯಾರೆಂಬುದನ್ನು ಹೊರಗೆಡವಿ ತದ್ವಿರುದ್ಧವಾದುದನ್ನೇ ಮಾಡುತ್ತಾನೆ.

ಉತ್ತರ ಬರೆಯುವವರು ಈ ಉದಾಹರಣೆಯನ್ನು ಎತ್ತಿಕೊಂಡು ಮುಂದೆ ಹೋಗಿಬಿಡುತ್ತಾರೆ. ಇಲ್ಲಿ ನಿಂತು ಹಿಂದಿನ ದೃಶ್ಯಗಳನ್ನು ಮತ್ತೊಮ್ಮೆ ತಿರುವಿ ನೋಡಿದರೆ ಅದೇ ಆಕಾರ ಅಲ್ಲಿಯೂ ಇರುವುದು ಕಾಣುತ್ತದೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ‘ನೀನು ಹುಡುಕುತ್ತಿರುವ ಕೊಲೆಗಾರ ನೀನೇ’ ಎಂದು ನೇರವಾಗಿ ಹೇಳಿದಾಗ ಈಡಿಪಸ್ ನಂಬುವುದಿಲ್ಲ. ಇದು ತನ್ನ ಸಿಂಹಾಸನದ ಮೇಲೆ ಕಣ್ಣಿಟ್ಟ, ಜೊಕಾಸ್ಟಳ ಸೋದರ ಕ್ರಿಯಾನನ ಪಿತೂರಿ ಎಂದು ಸಿಟ್ಟಾಗುತ್ತಾನೆ. ಆಗ ಅವನನ್ನು ಸಮಾಧಾನಪಡಿಸಲೆಂದು ಜೊಕಾಸ್ಟ ಭವಿಷ್ಯವಾಣಿಗಳನ್ನೆಲ್ಲ ನಂಬಬೇಕಿಲ್ಲ ಎನ್ನುತ್ತಾಳೆ. ಲೇಯಸ್ ತನ್ನ ಮಗನ ಕೈಯಿಂದ ಸಾಯುತ್ತಾನೆ ಎಂಬ ಮಾತು ಬಂದಿತ್ತು, ಆದರೆ ಅವನನ್ನು ಕೊಂದವರು ಪರಊರಿನ ದರೋಡೆಕೋರರು, ಅದೂ ಮೂರು ದಾರಿ ಕೂಡುವ ಜಾಗದಲ್ಲಿ ಎಂದು ಅವಳು ವಿವರಿಸುತ್ತಾಳೆ. ‘ಮೂರು ದಾರಿ ಕೂಡುವ ಜಾಗ’ ಎಂಬುದು ಅವಳ ವಾದಕ್ಕೆ ಬೇಕಾಗಿಯೇ ಇರದ ವಿವರ. ಕೇಳಿದ ಈಡಿಪಸನಿಗೆ ಉಳಿದ ಮಾತೆಲ್ಲ ಮರೆತು ಅದೊಂದೇ ಕಿವಿಯಲ್ಲಿ ನಿಲ್ಲುತ್ತದೆ. ಆ ಜಾಗ ಎಲ್ಲಿ, ಯಾವಾಗ ನಡೆಯಿತು, ಲೇಯಸ್ ನೋಡಲು ಹೇಗಿದ್ದ, ಜೊತೆಗೆ ಎಷ್ಟು ಜನರಿದ್ದರು ಎಂದು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾನೆ. ಕಾಲಜ್ಞಾನಿಯ ನೇರ ಆರೋಪಕ್ಕೆ ಅಲುಗದವನು ಹೆಂಡತಿಯ ಸಾಂತ್ವನಕ್ಕೆ ನಡುಗುತ್ತಾನೆ. ಸಮಾಧಾನ ಮಾಡಹೊರಟವರೇ ಭಯ ತಂದಿಡುವ ಈ ರಚನೆ ದೂತನ ದೃಶ್ಯದಲ್ಲಿ ಎರಡನೆಯ ಬಾರಿ, ಇನ್ನೂ ದೊಡ್ಡದಾಗಿ ಬರುತ್ತದೆ. ಅರಿಸ್ಟಾಟಲ್ ಒಂದನ್ನು ಹೇಳಿದ್ದಾನೆ. ಇನ್ನೊಂದನ್ನು ನೀವು ಸೇರಿಸಿದಾಗ ಉತ್ತರ ನಿಮ್ಮದಾಗುತ್ತದೆ.

ದೂತನ ಆಗಮನವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಜೊಕಾಸ್ಟ ಅಪೊಲೋ ದೇವರ ಮುಂದೆ ಧೂಪ ಇಟ್ಟು ‘ನಮಗೆ ಬಿಡುಗಡೆ ತೋರಿಸು’ ಎಂದು ಬೇಡಿಕೊಂಡು ಮುಗಿಸುತ್ತಲೇ ಅವನು ರಂಗಕ್ಕೆ ಬರುತ್ತಾನೆ. ಇದು ಕಾಕತಾಳೀಯ. ಘಟನೆಗಳು ಒಂದರಿಂದೊಂದು ಸಂಭವನೀಯವಾಗಿ ಅಥವಾ ಅನಿವಾರ್ಯವಾಗಿ ಹುಟ್ಟಬೇಕೆಂಬ ಒಂಬತ್ತನೆಯ ಅಧ್ಯಾಯದ ನಿಯಮಕ್ಕೆ ಇದು ಹೊಂದುವುದೇ? ಅದೇ ಅಧ್ಯಾಯದಲ್ಲಿ ಅರಿಸ್ಟಾಟಲ್ ಆರ್ಗಾಸ್ ಊರಿನ ಮಿಟಿಸ್ ಎಂಬವನ ಪ್ರತಿಮೆಯ ಪ್ರಸಂಗವನ್ನು ಹೇಳುತ್ತಾನೆ: ಮಿಟಿಸನನ್ನು ಕೊಂದವನು ಅದನ್ನು ನೋಡುತ್ತ ನಿಂತಿದ್ದಾಗ ಪ್ರತಿಮೆ ಅವನ ಮೇಲೆಯೇ ಬಿದ್ದು ಅವನನ್ನು ಕೊಂದಿತಂತೆ. ಆಕಸ್ಮಿಕವೂ ಉದ್ದೇಶಪೂರ್ವಕವೆಂಬಂತೆ ತೋರಿದಾಗ ಹೆಚ್ಚು ಬೆರಗು ಹುಟ್ಟಿಸುತ್ತದೆ ಎಂಬುದು ಅವನ ಅಭಿಪ್ರಾಯ. ದೂತನ ಆಗಮನವನ್ನು ಸಮರ್ಥಿಸುವುದಾದರೆ ಈ ಪ್ರಸಂಗದ ಮೂಲಕವೇ ಸಮರ್ಥಿಸಬೇಕು.

ಅರಿವು ಎಲ್ಲರಿಗೂ ಒಂದೇ ಕ್ಷಣದಲ್ಲಿ ಆಗುವುದಿಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳಿ. ದೂತ ಮಗುವಿನ ಚುಚ್ಚಿದ ಕಾಲ್ಗಿಣ್ಣುಗಳ ಮಾತೆತ್ತಿದಾಗ ಜೊಕಾಸ್ಟ ರಂಗದ ಮೇಲೆ ಸುಮ್ಮನೆ ನಿಂತಿರುತ್ತಾಳೆ. ಈಡಿಪಸ್ ಅವಳ ಕಡೆ ತಿರುಗಿ ಪ್ರಶ್ನೆ ಕೇಳುವ ಹೊತ್ತಿಗೆ ಅವಳಿಗೆ ಎಲ್ಲವೂ ತಿಳಿದುಹೋಗಿದೆ. ಹುಡುಕಾಟ ನಿಲ್ಲಿಸೆಂದು ಬೇಡಿಕೊಂಡು, ‘ನೀನು ಯಾರೆಂಬುದು ನಿನಗೆಂದೂ ತಿಳಿಯದಿರಲಿ’ ಎಂದು ಹೇಳಿ, ಸ್ವಲ್ಪದರಲ್ಲೇ ಒಳಗೆ ಹೋಗುತ್ತಾಳೆ. ಈಡಿಪಸನಿಗೆ ಅದು ತಿಳಿಯಲು ಇನ್ನೂ ನೂರಕ್ಕೂ ಹೆಚ್ಚು ಸಾಲುಗಳು ಬೇಕು. ಅಷ್ಟರವರೆಗೆ ಅವನು, ತಾನು ಕೀಳು ಕುಲದವನಾಗಿರಬಹುದೆಂದು ಹೆಂಡತಿಗೆ ನಾಚಿಕೆಯಾಗಿದೆ ಎಂದುಕೊಂಡಿರುತ್ತಾನೆ.

ಈಗ ನಾಯಕನ ಕಡೆಗೆ ತಿರುಗಿ

ಹದಿಮೂರನೆಯ ಅಧ್ಯಾಯದ ಪ್ರಕಾರ ದುರಂತ ನಾಯಕ ಸದ್ಗುಣದಲ್ಲೂ ನ್ಯಾಯದಲ್ಲೂ ಅಸಾಧಾರಣನಲ್ಲ. ಅವನಿಗೆ ಕೇಡು ಬರುವುದು ಕೆಟ್ಟತನದಿಂದಲ್ಲ, ಯಾವುದೋ ಒಂದು ‘ಹಮಾರ್ತಿಯ’ದಿಂದ (ತಪ್ಪು ಎಂಬರ್ಥದ ಗ್ರೀಕ್ ಪದ). ಉದಾಹರಣೆಗೆ ಹೆಸರಿಸಿರುವವರಲ್ಲಿ ಈಡಿಪಸನೂ ಒಬ್ಬ. ಇಲ್ಲಿಗೆ ಬಂದವರು ಈಡಿಪಸನಲ್ಲಿ ಒಂದು ದುರ್ಗುಣವನ್ನು ಹುಡುಕಲು ಹೊರಡುತ್ತಾರೆ. ಸಿಟ್ಟು, ಆತುರ, ಬುದ್ಧಿಯ ಜಂಬ, ಸಂಶಯ, ಎಲ್ಲವೂ ನಾಟಕದಲ್ಲಿ ಸಿಗುತ್ತವೆ. ಸಿಕ್ಕ ಪ್ರತಿಯೊಂದನ್ನೂ ಒಂದು ಸರಳ ಪರೀಕ್ಷೆಗೆ ಒಡ್ಡಿ ನೋಡಿ: ಆ ಗುಣವನ್ನು ಅವನಿಂದ ತೆಗೆದುಹಾಕಿದರೆ ಕೇಡು ತಪ್ಪುತ್ತಿತ್ತೇ? ಟೈರೀಸಿಯಸನೊಂದಿಗೆ ಅವನು ಎಷ್ಟೇ ತಾಳ್ಮೆಯಿಂದ ಮಾತನಾಡಿದ್ದರೂ, ಕ್ರಿಯಾನನ ಮೇಲೆ ಎಳ್ಳಷ್ಟೂ ಸಂಶಯ ಪಡದೇ ಇದ್ದಿದ್ದರೂ, ತಂದೆ ಸತ್ತಾಗಿತ್ತು, ತಾಯಿಯೊಡನೆ ಮದುವೆಯಾಗಿ ಮಕ್ಕಳೂ ಆಗಿದ್ದವು. ನಾಟಕದೊಳಗಿನ ಸಿಟ್ಟು ಆ ಕೇಡಿಗೆ ಕಾರಣವಾಗಲಾರದು.

ಮೂರುದಾರಿಯ ಜಗಳದಲ್ಲಿ ತೋರಿದ ಸಿಟ್ಟಾದರೋ ಎಂದು ಕೇಳಬಹುದು. ಈಡಿಪಸ್ ತಾನೇ ಅದನ್ನು ವಿವರಿಸುವ ಭಾಗವನ್ನು ತೆರೆದು ಓದಿ: ಗಾಡಿಯವರು ಅವನನ್ನು ಬಲವಂತವಾಗಿ ದಾರಿಯಿಂದ ತಳ್ಳುತ್ತಾರೆ, ಅವನು ಸಾರಥಿಗೆ ಹೊಡೆಯುತ್ತಾನೆ, ಗಾಡಿಯಲ್ಲಿದ್ದ ಮುದುಕ ಎರಡು ಮೊನೆಯ ಅಂಕುಶದಿಂದ ಅವನ ತಲೆಗೆ ಬಾರಿಸುತ್ತಾನೆ, ಆಮೇಲೆ ಕೊಲೆ. ಸಿಟ್ಟು ಇಲ್ಲಿ ಇದೆ, ಮಿತಿಮೀರಿಯೇ ಇದೆ. ಆದರೆ ದಾರಿಯಲ್ಲಿ ಅಪರಿಚಿತನೊಬ್ಬನನ್ನು ಕೊಂದ ಮಾತ್ರಕ್ಕೆ ಇದು ಈ ದುರಂತವಾಗುತ್ತಿರಲಿಲ್ಲ. ಕೊಲೆಯಾದವನು ತಂದೆ ಎಂಬುದು ಅವನಿಗೆ ಗೊತ್ತಿಲ್ಲದಿರುವುದೇ ಇಲ್ಲಿ ನಿರ್ಣಾಯಕ. ಹಮಾರ್ತಿಯವನ್ನು ಯಾರು ಯಾರೆಂದು ತಿಳಿಯದೆ ಮಾಡಿದ ತಪ್ಪು ನಡೆ ಎಂದು ಓದಿದರೆ ಅದು ಮುಂದಿನ ಅಧ್ಯಾಯದ ಮಾತಿಗೂ ಕೂಡಿಬರುತ್ತದೆ, ಏಕೆಂದರೆ ಅಲ್ಲಿ ಅರಿಸ್ಟಾಟಲ್ ಅರಿಯದೆ ಘೋರವಾದುದನ್ನು ಮಾಡಿ ಆಮೇಲೆ ಸಂಬಂಧವನ್ನು ಅರಿತವರ ಉದಾಹರಣೆಯಾಗಿ ಇದೇ ಈಡಿಪಸನನ್ನು ತರುತ್ತಾನೆ. ಸೊಫೊಕ್ಲಿಸನೂ ತನ್ನ ಕೊನೆಗಾಲದಲ್ಲಿ ಬರೆದ, ಅವನ ಮರಣಾನಂತರ ಕ್ರಿ.ಪೂ. 401ರಲ್ಲಿ ಮೊಮ್ಮಗ ರಂಗಕ್ಕೆ ತಂದ ‘ಕೊಲೋನಸ್‌ನಲ್ಲಿ ಈಡಿಪಸ್’ ನಾಟಕದಲ್ಲಿ ಮುದುಕ ಈಡಿಪಸನ ಬಾಯಲ್ಲಿ ಇದೇ ವಾದವನ್ನು ಇಡುತ್ತಾನೆ: ತಿಳಿಯದೆ ಮಾಡಿದೆ, ತಪ್ಪು ನನ್ನದಲ್ಲ.

ಹಾಗಾದರೆ ಸ್ವಭಾವಕ್ಕೆ ಕೆಲಸವೇ ಇಲ್ಲವೇ? ಇದೆ, ಆದರೆ ಬೇರೆ ಜಾಗದಲ್ಲಿ. ಪಾತ್ರಸ್ವಭಾವ ತೋರುವುದು ಆಯ್ಕೆಯಲ್ಲಿ ಎನ್ನುತ್ತಾನೆ ಅರಿಸ್ಟಾಟಲ್. ಕೇಡು ಈಡಿಪಸನ ಆಯ್ಕೆಯಲ್ಲ, ಅದನ್ನು ಅರಿಯುವುದು ಅವನ ಆಯ್ಕೆ. ಹುಡುಕಾಟವನ್ನು ಬಿಟ್ಟುಬಿಡಲು ಟೈರೀಸಿಯಸ್ ಹೇಳುತ್ತಾನೆ, ಜೊಕಾಸ್ಟ ಬೇಡುತ್ತಾಳೆ, ಕುರುಬ ಗೋಗರೆಯುತ್ತಾನೆ. ಕಡೆಯಲ್ಲಿ ಕುರುಬ ‘ಹೇಳಬಾರದ ಮಾತಿನ ಅಂಚಿಗೆ ಬಂದಿದ್ದೇನೆ’ ಎಂದಾಗ ಈಡಿಪಸ್ ‘ನಾನು ಕೇಳಬಾರದುದರ ಅಂಚಿಗೆ, ಆದರೂ ಕೇಳಲೇಬೇಕು’ ಎನ್ನುತ್ತಾನೆ. ನಾಟಕದ ಕ್ರಿಯೆ ಹುಡುಕಾಟವೆಂದು ಮೊದಲೇ ಬರೆದುಕೊಂಡಿದ್ದರೆ, ಸ್ವಭಾವ ಕ್ರಿಯೆಗೆ ಹೇಗೆ ದುಡಿಯುತ್ತದೆಂಬುದು ಈ ಎರಡು ಸಾಲುಗಳಲ್ಲಿ ಸ್ಪಷ್ಟವಾಗುತ್ತದೆ.

ವಿಧಿಯ ಮಾತೂ ಇಲ್ಲಿ ಬರುತ್ತದೆ. ‘ವಿಧಿಯಾಟವಾದ್ದರಿಂದ ಇದು ದುರಂತ’ ಎಂದು ಬರೆಯುವುದಾದರೆ ಅದನ್ನು ನಿಮ್ಮ ಅಭಿಪ್ರಾಯವಾಗಿ ಬರೆಯಿರಿ, ಏಕೆಂದರೆ ‘ಕಾವ್ಯಮೀಮಾಂಸೆ’ಯಲ್ಲಿ ವಿಧಿಯ ಕುರಿತ ಚರ್ಚೆ ಇಲ್ಲ.

ಭಯ, ಕರುಣೆ ಮತ್ತು ಕೆಥಾರ್ಸಿಸ್

ಅಂಥ ಗತಿಗೆ ತಕ್ಕವನಲ್ಲದವನಿಗೆ ಬಂದ ಕೇಡಿಗೆ ಕರುಣೆ, ನಮ್ಮಂಥವನಿಗೆ ಬಂದ ಕೇಡಿಗೆ ಭಯ ಎಂದು ಅರಿಸ್ಟಾಟಲ್ ಎರಡನ್ನೂ ಬಿಡಿಸಿ ಹೇಳುತ್ತಾನೆ. ಈಡಿಪಸನ ಮೇಲೆ ದುರ್ಗುಣವನ್ನು ಹೊರಿಸಿದಷ್ಟೂ ಕರುಣೆ ಕಡಿಮೆಯಾಗುತ್ತದೆ. ಹಮಾರ್ತಿಯದ ಓದು ತಪ್ಪಿದರೆ ಈ ಭಾಗವೂ ಕುಸಿಯುತ್ತದೆ. ಕೆಥಾರ್ಸಿಸ್ ವಿಷಯದಲ್ಲಿ ಮಾತ್ರ ಜಾಗರೂಕರಾಗಿರಬೇಕು. ದುರಂತ ನಾಟಕದ ವ್ಯಾಖ್ಯೆಯಲ್ಲಿ ಆ ಪದ ಬರುತ್ತದೆಯೇ ಹೊರತು ಅದರ ವಿವರಣೆ ನಮಗೆ ದೊರೆತಿರುವ ಗ್ರಂಥದಲ್ಲಿಲ್ಲ. ‘ರಾಜನೀತಿ’ಯ ಎಂಟನೆಯ ಪುಸ್ತಕದಲ್ಲಿ ಸಂಗೀತದ ಸಂದರ್ಭದಲ್ಲಿ ಅದನ್ನು ಬಳಸಿ, ವಿವರವನ್ನು ಕಾವ್ಯದ ಬಗೆಗಿನ ಗ್ರಂಥದಲ್ಲಿ ಕೊಡುವುದಾಗಿ ಅವನು ಹೇಳಿದ್ದಾನೆ. ವೈದ್ಯರು ಹೇಳುವ ವಿರೇಚನವೆಂದೂ ಧಾರ್ಮಿಕ ಶುದ್ಧಿಯೆಂದೂ ಬುದ್ಧಿಗೆ ಸಿಗುವ ಸ್ಪಷ್ಟತೆಯೆಂದೂ ಅರ್ಥೈಸುವವರಿದ್ದಾರೆ. ಯಾವುದನ್ನು ಹಿಡಿದಿದ್ದೀರಿ ಎಂದು ಹೇಳಿ ಮುಂದೆ ಹೋದರೆ ಸಾಕು.

ರಸಸಿದ್ಧಾಂತದಲ್ಲಿ ಪಳಗಿದ ನಮಗೆ ಕರುಣರಸವನ್ನು ತಂದು ಇಲ್ಲಿ ಕೂರಿಸುವ ಆಸೆಯಾಗುತ್ತದೆ. ಕರುಣದ ಸ್ಥಾಯಿಭಾವ ಶೋಕ. ಭಯವಾದರೋ ಭಯಾನಕವೆಂಬ ಬೇರೆ ರಸದ ಸ್ಥಾಯಿ. ಅರಿಸ್ಟಾಟಲ್ ಎರಡನ್ನು ಜೋಡಿಯಾಗಿಯೇ ಹಿಡಿದಿರುವುದರಿಂದ ಹೋಲಿಕೆಗೆ ಪ್ರತ್ಯೇಕ ಲೇಖನವೇ ಬೇಕು. ಒಂದು ಪ್ಯಾರಾದಲ್ಲಿ ಮುಗಿಸಲು ಹೋಗಬಾರದು.

ಮೇಳ, ದೃಶ್ಯ

ಇದನ್ನು ಬೇಗ ಮುಗಿಸಬಹುದು. ಹದಿನೈದು ಜನರ ಮೇಳ (ಕೋರಸ್) ಇಲ್ಲಿ ಥೀಬ್ಸಿನ ಹಿರಿಯರದು. ಮೇಳವನ್ನೂ ಒಬ್ಬ ನಟನಂತೆ ಕ್ರಿಯೆಯೊಳಗೆ ಸೇರಿಸಬೇಕು, ಇನ್ನೊಬ್ಬ ನಾಟಕಕಾರ ಯುರಿಪಿಡೀಸನ ಹಾಗಲ್ಲ, ಸೊಫೊಕ್ಲಿಸನ ಹಾಗೆ ಎಂದು ಅರಿಸ್ಟಾಟಲ್ ಹೇಳಿದ್ದಕ್ಕೆ ಕ್ರಿಯಾನನ ಜಗಳದ ದೃಶ್ಯ ಒಳ್ಳೆಯ ಸಾಕ್ಷಿ: ಅವನನ್ನು ದಂಡಿಸಬೇಡವೆಂದು ಮೇಳ ಬೇಡಿಕೊಂಡದ್ದರಿಂದಲೇ ಈಡಿಪಸ್ ಬಿಟ್ಟುಕೊಡುತ್ತಾನೆ. ದೃಶ್ಯದ ಬಗ್ಗೆ, ಜೊಕಾಸ್ಟ ನೇಣು ಹಾಕಿಕೊಂಡದ್ದೂ ಅವಳ ಉಡುಪಿನ ಪಿನ್ನುಗಳಿಂದ ಈಡಿಪಸ್ ತನ್ನ ಕಣ್ಣು ಚುಚ್ಚಿಕೊಂಡದ್ದೂ ಒಳಗೆ ನಡೆದು ಸೇವಕನ ಮಾತಿನಲ್ಲಿ ಬರುತ್ತವೆ ಎಂಬುದನ್ನು ಗಮನಿಸಿದರೆ, ನೋಡದೆ ಕೇಳಿದ ಮಾತ್ರಕ್ಕೇ ಮೈ ನಡುಗಿಸಬೇಕು ಎಂಬ ಹದಿನಾಲ್ಕನೆಯ ಅಧ್ಯಾಯದ ಮಾತು ಏಕೆ ಈಡಿಪಸನ ಕಥೆಯನ್ನೇ ಹೆಸರಿಸುತ್ತದೆಂದು ತಿಳಿಯುತ್ತದೆ.

ಹೊಂದದ ಜಾಗಗಳನ್ನು ಮುಚ್ಚಿಡಬೇಡಿ

ಇಷ್ಟು ವರ್ಷ ರಾಜ್ಯವಾಳಿದವನು ಹಿಂದಿನ ರಾಜ ಹೇಗೆ ಸತ್ತನೆಂದು ಕೇಳಲೇ ಇಲ್ಲವೇ? ಈ ಅಸಂಗತಿಯನ್ನು ಅರಿಸ್ಟಾಟಲನೂ ಕಂಡು, ಅದು ನಾಟಕದ ಹೊರಗಿರುವುದರಿಂದ ಸಹಿಸಬಹುದು ಎನ್ನುತ್ತಾನೆ. ಆದರೆ ನಾಟಕದ ಒಳಗೇ ಇನ್ನೊಂದಿದೆ. ಕೊಂದವರು ಹಲವರೋ ಒಬ್ಬನೋ ಎಂಬುದರ ಮೇಲೆ ಈಡಿಪಸ್ ತನ್ನ ಆಸೆಯನ್ನೆಲ್ಲ ನಿಲ್ಲಿಸುತ್ತಾನೆ. ಬದುಕುಳಿದ ಆಳು ಹಲವರು ಎಂದರೆ ತಾನು ನಿರಪರಾಧಿ, ಒಬ್ಬನೆಂದರೆ ಮುಗಿಯಿತು. ಅದನ್ನು ಕೇಳಲೆಂದೇ ಆ ಆಳಿಗೆ ಕರೆ ಹೋಗುತ್ತದೆ. ಅವನು ಬಂದು ನಿಂತಾಗ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ! ಅಷ್ಟರಲ್ಲಿ ‘ಲೇಯಸನನ್ನು ಕೊಂದವರು ಯಾರು’ ಎಂಬುದು ಹಿಂದಕ್ಕೆ ಸರಿದು ‘ನಾನು ಯಾರು’ ಎಂಬುದು ಮುಂದೆ ಬಂದಿರುತ್ತದೆ. ಕ್ರಿಯೆಯ ಏಕತೆ ಇಲ್ಲಿ ಒಡೆಯಿತೆಂದು ವಾದಿಸಬಹುದು. ನನ್ನ ಮಟ್ಟಿಗೆ ಒಡೆದಿಲ್ಲ, ಏಕೆಂದರೆ ಎರಡನೆಯ ಪ್ರಶ್ನೆಯ ಉತ್ತರದೊಳಗೇ ಮೊದಲನೆಯದರ ಉತ್ತರವೂ ಅಡಗಿದೆ. ಲೇಯಸನ ಮಗ ತಾನೆಂದು ತಿಳಿದವನಿಗೆ ದರೋಡೆಕೋರರ ಲೆಕ್ಕ ಬೇಕಿಲ್ಲ. ಆದರೂ ಕೊಲೆಯನ್ನು ಕಂಡವನು, ಮಗುವನ್ನು ಕೊಟ್ಟವನು, ಇಬ್ಬರೂ ಒಬ್ಬನೇ ಆಗಿರುವುದು, ಮಗುವನ್ನು ತೆಗೆದುಕೊಂಡವನೇ ದೂತನಾಗಿ ಬರುವುದು ಸಂಭವನೀಯತೆಯನ್ನು ಸಾಕಷ್ಟು ಎಳೆದಿವೆ ಎಂದು ಒಪ್ಪಿಕೊಳ್ಳಬೇಕು.

ಅರಿಸ್ಟಾಟಲನೊಳಗೂ ಒಂದು ತೊಡಕಿದೆ. ಹದಿಮೂರನೆಯ ಅಧ್ಯಾಯದಲ್ಲಿ ಭಾಗ್ಯದಿಂದ ದುರ್ಭಾಗ್ಯಕ್ಕೆ ಇಳಿಯುವ ಕಥೆಯೇ ಮೇಲು ಎಂದವನು ಹದಿನಾಲ್ಕನೆಯದರಲ್ಲಿ, ಕೊಲ್ಲಲಿರುವಾಗ ಸಂಬಂಧ ಅರಿತು ಕೊಲೆ ತಪ್ಪುವ, ಯುರಿಪಿಡೀಸನ ‘ಟಾರಿಸ್‌ನಲ್ಲಿ ಇಫಿಜೀನಿಯ’ದಂಥ ರಚನೆಗೆ ಮೊದಲ ಸ್ಥಾನ ಕೊಡುತ್ತಾನೆ. ಆ ಲೆಕ್ಕದಲ್ಲಿ ಈಡಿಪಸನಿಗೆ ಎರಡನೆಯ ಸ್ಥಾನ.

ಬರೆಯುವಾಗ

ಇಷ್ಟೂ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಉತ್ತರಕ್ಕೆ ಇಳಿಸಬೇಕಿಲ್ಲ. ಒಂದು ದೃಶ್ಯವನ್ನು, ಹೆಚ್ಚೆಂದರೆ ಎರಡನ್ನು, ಆರಿಸಿಕೊಂಡು ಅದರಲ್ಲಿ ಕಥಾಸಂವಿಧಾನ, ಅರಿವು, ಸ್ವಭಾವ ಮೂರೂ ಹೇಗೆ ಕೂಡಿ ಕೆಲಸ ಮಾಡುತ್ತವೆಂದು ಬಿಡಿಸಿ ತೋರಿಸಿದ ಬರಹ, ಆರು ಅಂಗಗಳಿಗೂ ಒಂದೊಂದು ಪ್ಯಾರಾ ಹಂಚಿದ ಬರಹಕ್ಕಿಂತ ಗಟ್ಟಿಯಾಗಿರುತ್ತದೆ. ಈ ಓದು ಕೈಗೆ ಹತ್ತಿದ ಮೇಲೆ ಕಷ್ಟದ ನಾಟಕವೊಂದನ್ನು ಹಿಡಿಯಬೇಕು. ‘ಮೀಡಿಯ’ದ ಕೊನೆಯಲ್ಲಿ ನಾಯಕಿ ಪಾರಾಗಲೆಂದು ಬರುವ ರಥವನ್ನು ಅರಿಸ್ಟಾಟಲ್ ಒಪ್ಪುವುದಿಲ್ಲ, ಅವನ ಆಕ್ಷೇಪಣೆಗೆ ಯುರಿಪಿಡೀಸನ ಪರವಾಗಿ ಉತ್ತರ ಬರೆದು ನೋಡಿ. ಸೊಫೊಕ್ಲಿಸನದೇ ‘ಏಜಾಕ್ಸ್’ನಲ್ಲಿ ನಾಯಕ ನಾಟಕ ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಸತ್ತು, ಉಳಿದದ್ದೆಲ್ಲ ಅವನ ಶವಸಂಸ್ಕಾರದ ವಾದವಾಗುತ್ತದೆ, ಕ್ರಿಯೆ ಒಂದೋ ಎರಡೋ ಎಂಬ ಪ್ರಶ್ನೆ ಅಲ್ಲಿ ನಿಜವಾಗಿಯೂ ಕಠಿಣ. ಕನ್ನಡದ ಓದುಗರಿಗೆ ಆ ನಾಟಕದಲ್ಲಿ ಇನ್ನೊಂದು ಅನುಕೂಲವಿದೆ: ಬಿ.ಎಂ. ಶ್ರೀಕಂಠಯ್ಯನವರು ಅದನ್ನು ಆಧರಿಸಿ, ಏಜಾಕ್ಸನ ಜಾಗದಲ್ಲಿ ದ್ರೋಣಪುತ್ರನನ್ನು ನಿಲ್ಲಿಸಿ ‘ಅಶ್ವತ್ಥಾಮನ್’ ಬರೆದಿದ್ದಾರೆ. ಪುರಾಣದಲ್ಲಿ ಚಿರಂಜೀವಿಯಾದವನನ್ನು ರಂಗದ ಮೇಲೆ ಸಾಯಿಸಲು ಅವರು ಕಥಾಸಂವಿಧಾನದಲ್ಲಿ ಏನೇನು ಬದಲಿಸಬೇಕಾಯಿತು ಎಂದು, ಮೇಲೆ ಹೇಳಿದ ಎರಡು ಪಟ್ಟಿಗಳನ್ನೇ ಮಾಡಿಕೊಂಡು ಎರಡೂ ನಾಟಕಗಳನ್ನು ಜೊತೆಗಿಟ್ಟು ಓದಬಹುದು.